ನಡುವೆ ಬೆಟ್ಟವಿಲ್ಲದಿದ್ದರೂ ಪ್ರಭೇದ ಎರಡಾಗಬಲ್ಲುದೇ? ಸೇಬಿನ ನೊಣದ ನೆಪದಲ್ಲಿ ಒಂದು ಚರ್ಚೆ

ಹಾಸನದ ಉಪನ್ಯಾಸಕಿ

ದ್ವಿತೀಯ ಪಿಯುಸಿ ತರಗತಿಯಲ್ಲಿ ಜೀವವಿಕಾಸದ ಪಾಠಕ್ಕೆ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಒಂದೇ ಚಿತ್ರವನ್ನು ಬರೆಯುತ್ತ ಬಂದಿದ್ದೇನೆ. ಒಂದು ಜೀವಿಸಮೂಹ, ಅದನ್ನು ಸೀಳುವ ಒಂದು ಬೆಟ್ಟ ಅಥವಾ ನದಿ, ಎರಡು ಬದಿಗಳಲ್ಲಿ ತಮ್ಮ ಪಾಡಿಗೆ ಬದಲಾಗುತ್ತ ಹೋಗುವ ಎರಡು ಗುಂಪುಗಳು, ಕೊನೆಗೆ ಮತ್ತೆ ಎದುರಾದರೂ ಕೂಡಲಾರದ ಎರಡು ಪ್ರಭೇದಗಳು. ಜೀವವಿಕಾಸ ವಿಜ್ಞಾನಿ ಎರ್ನ್ಸ್ಟ್ ಮಾಯರ್ 1942ರಿಂದ ಬಲವಾಗಿ ಪ್ರತಿಪಾದಿಸಿದ ಈ ಚಿತ್ರಕ್ಕೆ ನಮ್ಮ ಘಟ್ಟಗಳಲ್ಲಿಯೇ ಒಳ್ಳೆಯ ನಿದರ್ಶನವಿದೆ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ನೀಲಗಿರಿಯ ಶೋಲಾ ಕಾಡುಗಳಲ್ಲಿ ಒಂದು ಬಗೆಯ ಶೋಲಾಕಿಳಿ ಹಕ್ಕಿಯಿದೆ, ದಕ್ಷಿಣಕ್ಕೆ ಆನೆಮಲೈ ಕಡೆ ಅದರ ಸೋದರ ಪ್ರಭೇದವಿದೆ. ಎತ್ತರದ ತಂಪು ಕಾಡನ್ನು ಬಿಟ್ಟಿಳಿಯದ ಈ ಹಕ್ಕಿಗಳಿಗೆ ನಡುವಣ ಬಿಸಿಲಿನ ತಗ್ಗು ಕಡಲಿದ್ದಂತೆ.

ಈ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, ‘ಮೇಡಂ, ನಡುವೆ ಬೆಟ್ಟವೇ ಇಲ್ಲದೆ, ಎರಡೂ ಗುಂಪುಗಳು ಆಗಾಗ ಕೂಡುತ್ತಲೇ ಇದ್ದರೆ ಏನಾಗುತ್ತದೆ?’ ಎಂದು ಕೇಳಿದಳು. ಹಾಗಿದ್ದರೆ ಜೀನುಗಳು ಬೆರೆತು ಭೇದವೆಲ್ಲ ಅಳಿಸಿಹೋಗುತ್ತದೆ, ಪ್ರಭೇದ ಒಂದಾಗಿಯೇ ಉಳಿಯುತ್ತದೆ ಎಂದು ಉತ್ತರಿಸಿಬಿಟ್ಟೆ. ಆ ಮೇಲೆ ಒಂದು ವಾರ ಕುಳಿತು ಓದಿದಾಗ ನನ್ನ ಉತ್ತರ ಪೂರ್ತಿ ಸರಿಯಲ್ಲವೆಂದು ತಿಳಿಯಿತು. ಆಕೆಗೆ ತಿದ್ದಿ ಹೇಳುವ ಮೊದಲು ಬಲ್ಲವರ ಮುಂದೆ ಇದನ್ನಿಟ್ಟು ಪರೀಕ್ಷಿಸಿಕೊಳ್ಳಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ಮನಸ್ಸನ್ನು ಹಿಡಿದ ನಿದರ್ಶನ ರ‍್ಯಾಗೊಲೆಟಿಸ್ ಪೊಮೊನೆಲ್ಲಾ ಎಂಬ ಹಣ್ಣುನೊಣ. ಉತ್ತರ ಅಮೆರಿಕದ ಈ ನೊಣ ಮೂಲದಲ್ಲಿ ಹಾಥಾರ್ನ್ ಎಂಬ ಮುಳ್ಳುಮರದ ಪುಟ್ಟ ಕೆಂಪು ಹಣ್ಣಿನಲ್ಲಿ ಮೊಟ್ಟೆಯಿಡುತ್ತಿತ್ತು. ಸೇಬು ಆ ಖಂಡದ ಮರವಲ್ಲ, ಯುರೋಪಿನಿಂದ ಬಂದು ನೆಲೆಸಿದವರು ಹದಿನೇಳನೆಯ ಶತಮಾನದಲ್ಲಿ ತಂದದ್ದು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಸೇಬಿನ ತಂಟೆಗೆ ಹೋಗದ ಈ ನೊಣ 1860ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯ ಸೇಬಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಇಲಿನಾಯ್ ರಾಜ್ಯದ ಕೀಟಶಾಸ್ತ್ರಜ್ಞ ಬೆಂಜಮಿನ್ ವಾಲ್ಶ್ ಆಗಲೇ, ಆಹಾರದ ಗಿಡವನ್ನು ಬದಲಿಸಿದ ಕೀಟ ಅದೇ ನೆಲದಲ್ಲಿ ಹೊಸ ಪ್ರಭೇದವಾಗುವ ದಾರಿ ಹಿಡಿದೀತು ಎಂದು ಬರೆದಿದ್ದರು. 1960ರ ದಶಕದಲ್ಲಿ ಗೈ ಬುಷ್ ಆ ವಿಚಾರಕ್ಕೆ ಮತ್ತೆ ಜೀವ ಕೊಟ್ಟರು. ಸೇಬಿನ ನೊಣಕ್ಕೂ ಹಾಥಾರ್ನ್ ನೊಣಕ್ಕೂ ಆನುವಂಶಿಕ ವ್ಯತ್ಯಾಸವಿದೆಯೆಂದು 1988ರಲ್ಲಿ ಜೆಫ್ರಿ ಫೆಡರ್ ಮತ್ತು ಸಂಗಡಿಗರು ತೋರಿಸಿದರು.

ಇಲ್ಲಿ ಅಚ್ಚರಿಯ ಸಂಗತಿಯೆಂದರೆ, ಈ ಎರಡು ಗುಂಪುಗಳು ಇಂದಿಗೂ ಕೂಡುತ್ತವೆ. ಒಂದೊಂದು ತಲೆಮಾರಿನಲ್ಲಿಯೂ ನೂರಕ್ಕೆ ನಾಲ್ಕರಿಂದ ಆರರಷ್ಟು ಜೀನ್ ಹರಿವು, ಅಂದರೆ ಒಂದು ಗುಂಪಿನ ಜೀನುಗಳು ಕೂಡುವಿಕೆಯಿಂದ ಇನ್ನೊಂದಕ್ಕೆ ಸೇರುವುದು, ಅವುಗಳ ನಡುವೆ ನಡೆಯುತ್ತದೆಂದು ಅಂದಾಜಿಸಲಾಗಿದೆ. ಆದರೂ ವ್ಯತ್ಯಾಸ ಅಳಿದಿಲ್ಲ. ಅದನ್ನು ಅಳಿಯದಂತೆ ಹಿಡಿದಿಟ್ಟಿರುವುದು ಏನು?

ಜೀನ್‌ಗಣಿತ

ಮೇಡಂ, ತಾವು ಕೊಟ್ಟ ಅಂಕಿಯಿಂದಲೇ ಲೆಕ್ಕ ಹಾಕಿ ನೋಡೋಣ. ಪ್ರತಿ ತಲೆಮಾರಿನಲ್ಲಿ ಸೇಬಿನ ಗುಂಪಿಗೆ ನೂರಕ್ಕೆ ಐದು ನೊಣಗಳು ಆಚೆಯಿಂದ ಬಂದು ಸೇರುತ್ತವೆ ಎಂದಿಟ್ಟುಕೊಳ್ಳಿ. ನೊಣಕ್ಕೆ ಲಾಭವನ್ನಾಗಲಿ ನಷ್ಟವನ್ನಾಗಲಿ ತಾರದ ಒಂದು ಜೀನಿನಲ್ಲಿ ಎರಡು ಗುಂಪುಗಳಿಗಿರುವ ಅಂತರ ಪ್ರತಿ ತಲೆಮಾರಿಗೆ ನೂರಕ್ಕೆ ಐದರಂತೆ ಕರಗುತ್ತದೆ. ಹದಿನಾಲ್ಕು ತಲೆಮಾರಿಗೆ ಅದು ಅರ್ಧವಾಗುತ್ತದೆ, ನೂರು ತಲೆಮಾರಿಗೆ ಮೂಲದ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಈ ನೊಣಕ್ಕೆ ವರ್ಷಕ್ಕೆ ಒಂದೇ ತಲೆಮಾರು, 1860ರ ದಶಕದಿಂದ ಇಂದಿನವರೆಗೆ ನೂರೈವತ್ತಕ್ಕೂ ಹೆಚ್ಚು ತಲೆಮಾರುಗಳು ಕಳೆದಿವೆ. ಆದ್ದರಿಂದ ಇಂದು ನಮಗೆ ಕಾಣುತ್ತಿರುವ ವ್ಯತ್ಯಾಸ ಹಿಂದಿನದರ ಪಳೆಯುಳಿಕೆಯಾಗಿರಲಾರದು. ಯಾವುದೋ ಬಲ ಅದನ್ನು ವರ್ಷವರ್ಷವೂ ಹೊಸದಾಗಿ ಕಟ್ಟುತ್ತಿದೆ.

ಆ ಬಲ ನೈಸರ್ಗಿಕ ಆಯ್ಕೆ. ಆಯ್ಕೆಯ ಬಲ ವಲಸೆಯ ಪ್ರಮಾಣವನ್ನು ಮೀರಿದರೆ ಸ್ಥಳಕ್ಕೆ ಒಗ್ಗಿದ ಆಲೀಲ್ (ಒಂದು ಜೀನಿನ ಭಿನ್ನ ರೂಪಗಳಲ್ಲೊಂದು) ಕೊಚ್ಚಿಹೋಗದೆ ಉಳಿಯುತ್ತದೆಂಬುದನ್ನು ಜೆ.ಬಿ.ಎಸ್. ಹಾಲ್ಡೇನ್ 1930ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. (1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ನಮ್ಮ ಪಠ್ಯಗಳು ಅವರನ್ನು ಇನ್ನಷ್ಟು ನೆನೆಯಬೇಕಿತ್ತು.) ಆಚೆಯ ಆಲೀಲ್ ಹೊತ್ತ ನೊಣಕ್ಕೆ ನೂರಕ್ಕೆ ಇಪ್ಪತ್ತರಷ್ಟು ನಷ್ಟವಾಗುವಂತಿದ್ದರೆ, ನೂರಕ್ಕೆ ಐದರ ವಲಸೆಯಿದ್ದರೂ ಆ ಆಲೀಲ್ ಸೇಬಿನ ಗುಂಪಿನಲ್ಲಿ ಸರಿಸುಮಾರು ಕಾಲು ಪಾಲಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಮುಂದಕ್ಕೆ ಏರುವುದಿಲ್ಲ.

ಆದರೆ ಒಂದು ಜೀನ್ ಉಳಿದ ಮಾತ್ರಕ್ಕೆ ಪ್ರಭೇದ ಹುಟ್ಟುವುದಿಲ್ಲ, ಕಷ್ಟವಿರುವುದು ಇಲ್ಲಿಯೇ. ಸೇಬಿನ ವಾಸನೆಯನ್ನು ಮೆಚ್ಚುವ ಜೀನ್, ಸೇಬಿನ ಕಾಲಕ್ಕೆ ಸರಿಯಾಗಿ ಹೊರಬರುವ ಜೀನ್, ತನ್ನಂಥದ್ದರೊಡನೆಯೇ ಕೂಡುವ ಜೀನ್ ಇವೆಲ್ಲ ಒಂದೇ ನೊಣದಲ್ಲಿ ಒಟ್ಟಾಗಿ ಇರಬೇಕು. ಸಂಕರ ನಡೆದಾಗಲೆಲ್ಲ ವರ್ಣತಂತುಗಳ (ಜೀನುಗಳನ್ನು ಹೊತ್ತ ಕ್ರೋಮೋಸೋಮ್‌ಗಳ) ಪುನಸ್ಸಂಯೋಜನೆ ಈ ಕೂಟವನ್ನು ಇಸ್ಪೀಟಿನ ಎಲೆಗಳಂತೆ ಕಲಸಿಬಿಡುತ್ತದೆ. ಜೋಸೆಫ್ ಫೆಲ್ಸೆನ್‌ಸ್ಟೈನ್ 1981ರಲ್ಲಿ ಎತ್ತಿದ ಆಕ್ಷೇಪ ಇದೇ. ಈ ಪ್ರಶ್ನೆಗೆ ಉತ್ತರವಿಲ್ಲದ ಯಾವ ವಿವರಣೆಯೂ ನನ್ನ ದೃಷ್ಟಿಯಲ್ಲಿ ಪೂರ್ಣವಲ್ಲ.

ಎರಡು ಉತ್ತರಗಳು ನನಗೆ ತೋರುತ್ತವೆ. ಮೊದಲನೆಯದು, ಈ ನೊಣಗಳು ಕೂಡುವುದು ಹಣ್ಣಿನ ಮೇಲೆ ಅಥವಾ ಅದರ ಹತ್ತಿರ. ಹಣ್ಣನ್ನು ಆರಿಸಿಕೊಂಡ ನೊಣ ಸಂಗಾತಿಯನ್ನೂ ಆರಿಸಿಕೊಂಡಂತೆಯೇ, ಆ ಎರಡು ಕೆಲಸಗಳಿಗೆ ಬೇರೆ ಬೇರೆ ಜೀನುಗಳು ಬೇಕಿಲ್ಲ. ಎರಡನೆಯದು ವರ್ಣತಂತುವಿನ ತಿರುವು. ವರ್ಣತಂತುವಿನ ಒಂದು ತುಂಡು ಕಿತ್ತು ತಲೆಕೆಳಗಾಗಿ ಅಂಟಿಕೊಂಡಿದ್ದರೆ, ನೆಟ್ಟಗಿನದೊಂದು ತಿರುಗಿದ್ದೊಂದು ಇರುವ ಸಂಕರ ನೊಣದಲ್ಲಿ ಆ ಭಾಗದ ಜೀನುಗಳು ಅದಲುಬದಲಾಗಿ ಮುಂದಿನ ತಲೆಮಾರಿಗೆ ಸಾಗುವುದು ತೀರಾ ವಿರಳ. ಒಳಗಿನ ಜೀನುಗಳೆಲ್ಲ ಒಂದೇ ಗಂಟಿನಲ್ಲಿ ಕಟ್ಟಿದಂತೆ ಒಟ್ಟಿಗೆ ಸಾಗುತ್ತವೆ. ಈ ನೊಣದಲ್ಲಿ ಅಂಥ ತಿರುವುಗಳಿರುವುದು ಪತ್ತೆಯಾಗಿದೆ.

ಮಾವಿನತೋಪು, ಶ್ರೀನಿವಾಸಪುರ

ನಾನು ವಿಜ್ಞಾನಿಯಲ್ಲ, ಮಾವು ಬೆಳೆಯುವವನು. ಹಣ್ಣುನೊಣದ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಮ್ಮ ತೋಪಿನಲ್ಲಿ ಬಾದಾಮಿ, ರಸಪುರಿ ಮರಗಳ ಹಣ್ಣು ಮೊದಲು ಬರುತ್ತದೆ, ತೋತಾಪುರಿ, ನೀಲಂ ತಡವಾಗಿ ಬರುತ್ತವೆ, ಬದುವಿನಲ್ಲಿ ಸೀಬೆ ಗಿಡಗಳೂ ಇವೆ. ವಾಸನೆಯಿಂದ ನೊಣವನ್ನು ಸೆಳೆಯುವ ಮೋಹಕ ಬಲೆಯಲ್ಲಿ ಬೀಳುವ ನೊಣಗಳನ್ನು ನೋಡಿದರೆ ಎಲ್ಲವೂ ಒಂದೇ ಜಾತಿಯವು. ಹಣ್ಣಾಗುವ ಕಾಲದ ವ್ಯತ್ಯಾಸದಿಂದಲೇ ಅಮೆರಿಕದಲ್ಲಿ ನೊಣ ಒಡೆದು ಎರಡಾಗುವುದಾದರೆ, ನಮ್ಮಲ್ಲಿ ಮಾವಿನ ನೊಣ ಬೇರೆ, ಸೀಬೆಯ ನೊಣ ಬೇರೆ ಏಕೆ ಆಗಲಿಲ್ಲ?

ಹಾಸನದ ಉಪನ್ಯಾಸಕಿ

ಮಾವಿನತೋಪು ಅವರೇ, ಇಷ್ಟು ಒಳ್ಳೆಯ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಇದಕ್ಕೆ ಉತ್ತರ ಹುಡುಕುವಾಗ ಸೇಬಿನ ನೊಣವೇ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಸೇಬಿನ ನೊಣದ ಬಾಳಿನಲ್ಲಿ ವರ್ಷಕ್ಕೊಂದೇ ಅವಕಾಶ. ಹಣ್ಣಿನೊಳಗೆ ಬೆಳೆದ ಹುಳು ಮಣ್ಣಿಗಿಳಿದು ಪ್ಯೂಪಾ (ಹುಳು ನೊಣವಾಗುವ ಮೊದಲಿನ ಕೋಶದ ಹಂತ) ಆಗಿ ಹಿಮದ ಚಳಿಗಾಲವನ್ನು ಸುಪ್ತಾವಸ್ಥೆಯಲ್ಲಿ ಕಳೆಯುತ್ತದೆ. ಮರುವರ್ಷ ಹೊರಬಂದ ನೊಣ ಬದುಕುವುದು ಒಂದು ತಿಂಗಳಿನಷ್ಟು ಮಾತ್ರ. ಸೇಬು ಹಾಥಾರ್ನ್‌ಗಿಂತ ಮೂರು ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ. ಸೇಬಿಗೆ ಹೊಂದಿಕೊಂಡ ನೊಣ ಹಾಥಾರ್ನ್ ನೊಣಕ್ಕಿಂತ ಮೊದಲೇ ಮಣ್ಣಿನಿಂದ ಮೇಲೆದ್ದು, ಕೂಡಿ, ಮೊಟ್ಟೆಯಿಡತೊಡಗುತ್ತದೆ, ಎರಡರ ಕಾಲ ಒಂದಾಗುವುದು ಭಾಗಶಃ ಮಾತ್ರ. ಇಬ್ಬರ ನಡುವೆ ಗೋಡೆಯಿಲ್ಲ, ಪಂಚಾಂಗ ಬೇರೆ, ಅಷ್ಟೆ. ಬೇಗ ಮಣ್ಣಿಗಿಳಿದ ಸೇಬಿನ ಪ್ಯೂಪಾ ಚಳಿಗಾಲ ಬರುವ ಮೊದಲು ಹೆಚ್ಚು ದಿನ ಬೆಚ್ಚನೆಯ ಮಣ್ಣಿನಲ್ಲಿರಬೇಕಾಗುತ್ತದೆ. ಆ ಬಿಸುಪಿಗೆ ಮೋಸಹೋಗಿ ಅಕಾಲದಲ್ಲಿ ಎದ್ದರೆ ಅದಕ್ಕೆ ಸಾವೇ ಗತಿ, ಆದ್ದರಿಂದ ಅಲ್ಲಿ ಗಾಢವಾದ ಸುಪ್ತಿಯೇ ಆಯ್ಕೆಯಾಗುತ್ತದೆ. ಫೆಡರ್ ಅವರ ತಂಡ ಹಾಥಾರ್ನ್ ನೊಣದ ಪ್ಯೂಪಾಗಳನ್ನು ತೆಗೆದುಕೊಂಡು, ಕೃತಕ ಚಳಿಗಾಲಕ್ಕೆ ಮೊದಲು ಕೆಲವನ್ನು 7 ದಿನ, ಕೆಲವನ್ನು 32 ದಿನ ಬೆಚ್ಚಗಿಟ್ಟು ನೋಡಿತು. ಹೆಚ್ಚು ದಿನ ಬೆಚ್ಚಗಿದ್ದು ಬದುಕುಳಿದವುಗಳಲ್ಲಿ ಆಲೀಲ್‌ಗಳ ಪ್ರಮಾಣ ಒಂದೇ ತಲೆಮಾರಿನಲ್ಲಿ ಸೇಬಿನ ನೊಣದ ಕಡೆಗೆ ವಾಲಿತ್ತು. ಜೀನ್‌ಗಣಿತ ಅವರು ‘ವರ್ಷವರ್ಷವೂ ಹೊಸದಾಗಿ ಕಟ್ಟುತ್ತಿದೆ’ ಎಂದದ್ದು ಇದನ್ನೇ ಅಲ್ಲವೇ?

ಇನ್ನು ತಮ್ಮ ತೋಪಿನ ನೊಣ. ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್‌ಗೆ ವರ್ಷಕ್ಕೆ ಹಲವು ತಲೆಮಾರುಗಳು, ಹಿಮದ ನಿದ್ರೆಯೂ ಅದಕ್ಕಿಲ್ಲ. ರಸಪುರಿಯಲ್ಲಿ ಬೆಳೆದ ಹುಳು ನೊಣವಾಗುವ ಹೊತ್ತಿಗೆ ಆ ಹಣ್ಣು ಮುಗಿದು ತೋತಾಪುರಿ ಬಂದಿರುತ್ತದೆ, ಅದರ ಮಕ್ಕಳು ಸೀಬೆಗೆ ಹೋಗಲೇಬೇಕು. ಅಲ್ಲಿ ಹಣ್ಣಿನಿಂದ ಹಣ್ಣಿಗೆ ದಾಟುವುದೇ ಬದುಕುವ ದಾರಿ, ಒಂದೇ ಹಣ್ಣಿಗೆ ಅಂಟಿಕೊಂಡ ನೊಣಕ್ಕೆ ಉಳಿಗಾಲವಿಲ್ಲ. ಸಾಲದ್ದಕ್ಕೆ ಅವು ಕೂಡುವುದು ಮುಸ್ಸಂಜೆಯಲ್ಲಿ, ಗಂಡುಗಳು ಗುಂಪುಗೂಡುವ ಎಲೆಗಳ ಮರೆಯಲ್ಲಿ. ಹಣ್ಣಿನ ಆಯ್ಕೆಗೂ ಸಂಗಾತಿಯ ಆಯ್ಕೆಗೂ ಅಲ್ಲಿ ಆ ಬಿಗಿಯಾದ ಗಂಟಿಲ್ಲ. ಇದೇ ನೊಣವನ್ನು ವಿಜ್ಞಾನಿಗಳೂ ಒಮ್ಮೆ ಹಲವು ಪ್ರಭೇದಗಳಾಗಿ ಒಡೆದು ಹೆಸರಿಟ್ಟಿದ್ದರು. ಅವುಗಳಲ್ಲಿ ಪಪಾಯೆ ಎಂಬ ಹೆಸರಿನದೂ, ಆಫ್ರಿಕಾಕ್ಕೆ ನುಗ್ಗಿದ ಇನ್ವೇಡೆನ್ಸ್ ಎಂಬುದೂ ಡಾರ್ಸಾಲಿಸ್‌ನಿಂದ ಬೇರೆಯಲ್ಲವೆಂದು 2015ರಲ್ಲಿ ತೀರ್ಮಾನಿಸಿ ಒಂದುಗೂಡಿಸಲಾಯಿತು. ತಾವು ಬಲೆಯಲ್ಲಿ ಕಂಡದ್ದು ಸರಿಯಾಗಿಯೇ ಇದೆ.

ಮಿಶಿಗನ್ ಕನ್ನಡಿಗ

ನಮ್ಮ ಮನೆಯ ಹಿಂದೆ ಒಂದು ಸೇಬಿನ ಮರವಿದೆ, ಬೇಲಿಯಾಚೆ ಕೆಲವು ಹಾಥಾರ್ನ್ ಮರಗಳಿವೆ. ನಮ್ಮ ಊರ ಕಡೆಯ ಬಾರೆಹಣ್ಣಿಗಿಂತ ತುಸು ಚಿಕ್ಕದಾದ ಕೆಂಪು ಹಣ್ಣು ಅದರದು. ಇಲ್ಲಿನವರು ಸೇಬಿನ ಮರಕ್ಕೆ ಅಂಟು ಬಳಿದ ಕೆಂಪು ಚೆಂಡುಗಳನ್ನು ತೂಗುಹಾಕುತ್ತಾರೆ. ಹಣ್ಣೆಂದು ಬಗೆದು ನೊಣ ಬಂದು ಅಂಟಿಕೊಳ್ಳುತ್ತದೆ. ಎರಡು ಮರಗಳ ನಡುವಿನ ದೂರ ಮೂವತ್ತು ಹೆಜ್ಜೆಯೂ ಇಲ್ಲ, ನೊಣಕ್ಕೆ ಅದು ಒಂದು ಹಾರಾಟವೂ ಅಲ್ಲ. ಮೇಡಂ ಅವರ ಬರಹ ಓದಿದ ಮೇಲೆ ಆ ಮೂವತ್ತು ಹೆಜ್ಜೆಯನ್ನು ನಾನು ಬೇರೆ ರೀತಿಯಲ್ಲಿ ನೋಡುತ್ತಿದ್ದೇನೆ. ಇದೇ ರಾಜ್ಯದ ಗ್ರ್ಯಾಂಟ್ ಎಂಬ ಊರಿನ ಬಳಿಯ ಮರಗಳಲ್ಲಿ ಈ ಸಂಶೋಧನೆಯ ಬಹುಭಾಗ ನಡೆಯಿತೆಂಬುದು ನನಗೆ ಈಗಷ್ಟೇ ತಿಳಿಯಿತು.

ಒಂದು ಸಂದೇಹವಿದೆ. ಎರಡೂ ಬಗೆಯ ನೊಣಗಳು ಕೂಡಿ ಹುಟ್ಟಿದ ಮಿಶ್ರಸಂತಾನಕ್ಕೆ ಯಾವ ಮರ ಇಷ್ಟವಾಗುತ್ತದೆ?

ಜೀನ್‌ಗಣಿತ

ಬಹುಮಟ್ಟಿಗೆ ಯಾವುದೂ ಅಲ್ಲ. 2004ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಸೇಬಿನ ವಾಸನೆಗಾಗಲಿ ಹಾಥಾರ್ನ್ ವಾಸನೆಗಾಗಲಿ ಮೊದಲ ತಲೆಮಾರಿನ ಮಿಶ್ರನೊಣಗಳಲ್ಲಿ ಹೆಚ್ಚಿನವು ಸರಿಯಾಗಿ ಸ್ಪಂದಿಸಲಿಲ್ಲ. ತಾಯಿತಂದೆಯರು ಹಿಂಬಾಲಿಸುವ ಪ್ರಮಾಣದ ವಾಸನೆಗೆ ಅವು ಕದಲಲಿಲ್ಲ. ಹೊಟ್ಟೆಯೊಳಗೆ ಯಾವ ದೋಷವಿಲ್ಲದಿದ್ದರೂ ಹಣ್ಣನ್ನು ಕಂಡುಕೊಳ್ಳಲಾರದ ನೊಣಕ್ಕೆ ಸಂಗಾತಿಯೂ ಸಿಗದು, ಮೊಟ್ಟೆಯಿಡಲು ಜಾಗವೂ ಸಿಗದು.

ಕಪ್ಪತಗುಡ್ಡ

ಚರ್ಚೆಯನ್ನು ಮೆಚ್ಚಿಕೊಂಡೇ ಕೆಲವು ಆಕ್ಷೇಪಗಳನ್ನು ಮುಂದಿಡುತ್ತೇನೆ. ಜೀನ್ ಹರಿವಿನ ನಡುವೆಯೇ ಹುಟ್ಟಿದ ಭೇದಕ್ಕೂ, ಬೇರೆಡೆ ಹುಟ್ಟಿ ಆಮೇಲೆ ಜೀನ್ ಹರಿವನ್ನು ತಾಳಿಕೊಂಡು ನಿಂತ ಭೇದಕ್ಕೂ ಇರುವ ವ್ಯತ್ಯಾಸವನ್ನು ನಾವು ಮರೆಯುತ್ತಿದ್ದೇವೆ.

ಯುರೋಪಿನ ಕಾಗೆಗಳನ್ನು ನೋಡಿ. ಪಶ್ಚಿಮದಲ್ಲಿ ಮೈಯೆಲ್ಲ ಕಪ್ಪಾದ ಕಾಗೆ, ಪೂರ್ವ ಮತ್ತು ಉತ್ತರದಲ್ಲಿ ಬೂದುಮೈಯ ಕಾಗೆ, ನಡುವೆ ಜರ್ಮನಿ, ಉತ್ತರ ಇಟಲಿ, ಸ್ಕಾಟ್ಲೆಂಡ್‌ಗಳ ಮೂಲಕ ಹಾದುಹೋಗುವ ಸಂಕರದ ಪಟ್ಟಿ. ಇದನ್ನು ವಿಲ್‌ಹೆಲ್ಮ್ ಮೈಸೆ 1928ರಲ್ಲಿಯೇ ವಿವರವಾಗಿ ದಾಖಲಿಸಿದ್ದರು. 2014ರಲ್ಲಿ ಈ ಕಾಗೆಗಳ 60 ಜೀನೋಮ್‌ಗಳನ್ನು, ಅಂದರೆ ಪೂರ್ಣ ಡಿಎನ್ಎ ಬರಹಗಳನ್ನು, ಓದಿದಾಗ, ಎರಡನ್ನೂ ಪೂರ್ತಿಯಾಗಿ ಬೇರ್ಪಡಿಸುವ ಡಿಎನ್ಎ ಅಕ್ಷರಗಳು ಕೇವಲ 83 ಸಿಕ್ಕವು, ಅವುಗಳಲ್ಲಿ 82 ಒಂದೇ ವರ್ಣತಂತುವಿನ, ಅಂದರೆ ಹದಿನೆಂಟನೆಯದರ, ಒಂದು ಸಣ್ಣ ಭಾಗದಲ್ಲಿದ್ದವು. ಮೈಬಣ್ಣಕ್ಕೆ ಸಂಬಂಧಿಸಿದ ಜೀನುಗಳು ಅಲ್ಲಿವೆ. ಉಳಿದ ಜೀನೋಮ್ ಎಲ್ಲ ಹೆಚ್ಚುಕಡಿಮೆ ಬೆರೆತುಹೋಗಿದೆ. ನಿಜಕ್ಕೂ ಮೈನವಿರೇಳಿಸುವ ಫಲಿತಾಂಶವಿದು. ಆದರೆ ಈ ಕಾಗೆಗಳು ಹಿಮಯುಗದಲ್ಲಿ ದೂರದೂರ ಉಳಿದು, ಹಿಮ ಕರಗಿದ ಮೇಲೆ ಮತ್ತೆ ಎದುರಾದವೆಂದೇ ಬಹುಮಂದಿಯ ಅಭಿಪ್ರಾಯ. ಅಂದರೆ ಇಲ್ಲಿಯೂ ಮೊದಲು ಒಂದು ಬೆಟ್ಟವಿತ್ತು.

ಸೇಬಿನ ನೊಣವೂ ಅಷ್ಟು ಸರಳವಲ್ಲ. ಜೀನ್‌ಗಣಿತ ಅವರು ಹೇಳಿದ ವರ್ಣತಂತುವಿನ ತಿರುವುಗಳ ವಯಸ್ಸು ನೂರೈವತ್ತು ವರ್ಷವಲ್ಲ. 2003ರ ಅಧ್ಯಯನದ ಪ್ರಕಾರ ಅವು ಹದಿನೈದು ಲಕ್ಷ ವರ್ಷಗಳಷ್ಟು ಹಳೆಯವು, ಮೆಕ್ಸಿಕೋದ ಎತ್ತರದ ನೆಲದಲ್ಲಿ ಪ್ರತ್ಯೇಕವಾಗಿದ್ದ ನೊಣಗಳಲ್ಲಿ ರೂಪುಗೊಂಡು ಉತ್ತರಕ್ಕೆ ಹರಿದುಬಂದವು. ಸೇಬು ಬರುವ ಎಷ್ಟೋ ಕಾಲ ಮೊದಲೇ ಸಾಮಗ್ರಿ ಸಿದ್ಧವಾಗಿತ್ತು.

ಮೂರನೆಯದು ವಿಧಾನದ ಪ್ರಶ್ನೆ. ಜೀನೋಮಿನ ಕೆಲವೇ ಭಾಗಗಳಲ್ಲಿ ಭೇದ ಎದ್ದುಕಂಡರೆ ಅವನ್ನು ಜೀನ್ ಹರಿವಿನ ಕಡಲಲ್ಲಿ ತಲೆಯೆತ್ತಿ ನಿಂತ ದ್ವೀಪಗಳೆಂದು 2005ರಿಂದೀಚೆಗೆ ಕರೆಯುವ ರೂಢಿ ಬಂತು. 2014ರಲ್ಲಿ ಕ್ರೂಕ್‌ಶ್ಯಾಂಕ್ ಮತ್ತು ಹಾನ್ ಇದನ್ನು ಮರುಪರಿಶೀಲಿಸಿದರು. ಒಂದು ಗುಂಪಿನೊಳಗಿನ ವೈವಿಧ್ಯವೇ ಆಯ್ಕೆಯಿಂದಾಗಿ ಕುಗ್ಗಿದ್ದರೂ, ಗುಂಪುಗಳ ನಡುವಿನ ಭೇದವನ್ನು ಒಳಗಿನ ವೈವಿಧ್ಯದೊಡನೆ ತುಲನೆ ಮಾಡುವ ಅಳತೆಯಲ್ಲಿ ಆ ಭಾಗ ದ್ವೀಪದಂತೆ ಎದ್ದುಕಾಣುತ್ತದೆ, ಅದಕ್ಕೆ ಜೀನ್ ಹರಿವು ಇರಲೇಬೇಕೆಂದಿಲ್ಲ ಎಂದು ತೋರಿಸಿದರು. ಉತ್ಸಾಹದಲ್ಲಿ ಈ ಎಚ್ಚರಿಕೆಯನ್ನು ಮರೆಯಬಾರದು.

ಹಾಸನದ ಉಪನ್ಯಾಸಕಿ

ಮೂರನೆಯ ಆಕ್ಷೇಪವನ್ನು ಹಾಗೆಯೇ ಒಪ್ಪುತ್ತೇನೆ. ಅಳತೆಗೋಲು ಏನನ್ನು ಅಳೆಯುತ್ತದೆಂದು ತಿಳಿಯದೆ ಚಿತ್ರವನ್ನು ನಂಬಬಾರದು.

ಎರಡನೆಯದರಲ್ಲಿ ಮಾತ್ರ ನನಗೆ ಬೇರೆಯೇ ಅರ್ಥ ಕಾಣುತ್ತಿದೆ. ಮೆಕ್ಸಿಕೋದ ತಿರುವುಗಳು ಉತ್ತರದ ನೊಣಗಳಿಗೆ ಬಂದದ್ದು ಹೇಗೆ? ಜೀನ್ ಹರಿವಿನ ಮೂಲಕವೇ. ಭೇದವನ್ನು ಅಳಿಸಿಹಾಕುತ್ತದೆಂದು ನಾನು ತರಗತಿಯಲ್ಲಿ ದೂರಿದ ಅದೇ ಹರಿವು, ಭೇದ ಹುಟ್ಟಲು ಬೇಕಾದ ಹಳೆಯ ಸಾಮಗ್ರಿಯನ್ನು ಹೊತ್ತು ತಂದಿದೆ. ಹೊಸ ರೂಪಾಂತರ ಹುಟ್ಟಲೆಂದು ಕಾಯುತ್ತಿದ್ದರೆ ನೂರೈವತ್ತು ವರ್ಷಗಳಲ್ಲಿ ಇಷ್ಟು ದೂರ ಬರಲಾಗುತ್ತಿತ್ತೇ? ಹಾಗಾಗಿ ‘ಬೆಟ್ಟವಿತ್ತೇ, ಇರಲಿಲ್ಲವೇ’ ಎಂಬ ಎರಡೇ ಉತ್ತರದ ಪ್ರಶ್ನೆ ಈ ನೊಣಕ್ಕೆ ಸಾಲದೆಂದು ನನಗೆ ತೋರುತ್ತದೆ. ಕೆಲವು ತುಂಡುಗಳು ಪ್ರತ್ಯೇಕತೆಯಲ್ಲಿ ಹುಟ್ಟಿದವು, ಅವು ಪ್ರಭೇದದ ಗಡಿಯಾಗತೊಡಗಿದ್ದು ಬೆರೆಯುವಿಕೆಯ ನಡುವೆ.

ಎಂದೂ ಬೆಟ್ಟವಿಲ್ಲದಿದ್ದ ಉದಾಹರಣೆ ಬೇಕೆಂದರೆ ಆಸ್ಟ್ರೇಲಿಯಾದ ಪೂರ್ವಕ್ಕಿರುವ ಲಾರ್ಡ್ ಹೋವ್ ದ್ವೀಪದ ತಾಳೆಮರಗಳಿವೆ. ಹದಿನೈದು ಚದರ ಕಿಲೋಮೀಟರಿಗೂ ಕಡಿಮೆಯ ನೆಲದಲ್ಲಿ ಹೋವಿಯಾ ಕುಲದ ಎರಡು ಪ್ರಭೇದಗಳು ಅಕ್ಕಪಕ್ಕ ಬೆಳೆಯುತ್ತವೆ, ಪರಾಗ ಹಾರುವುದು ಗಾಳಿಯಲ್ಲಿ. ಒಂದು ಮುಖ್ಯವಾಗಿ ಸುಣ್ಣದ ಮಣ್ಣಿನಲ್ಲಿ, ಇನ್ನೊಂದು ಜ್ವಾಲಾಮುಖಿಯ ಮಣ್ಣಿನಲ್ಲಿ. ಹೂಬಿಡುವ ಕಾಲದಲ್ಲಿ ಆರೇಳು ವಾರಗಳ ಅಂತರವಿದೆ. 2006ರಲ್ಲಿ ಸಾವೊಲೈನೆನ್ ಮತ್ತು ಸಂಗಡಿಗರು ಈ ದ್ವೀಪದಲ್ಲಿಯೇ ಇವು ಒಡೆದವೆಂದು ವಾದಿಸಿದರು. ನೊಣದಲ್ಲಿ ಕಂಡ ಪಂಚಾಂಗವೇ ಇಲ್ಲಿ ಮರದಲ್ಲಿಯೂ ಕಾಣುತ್ತದೆ.

ಜೀನ್‌ಗಣಿತ

ಮೇಡಂ ಅವರ ಮಾತಿಗೆ ಒಂದು ಸೇರ್ಪಡೆ. ಪ್ರಭೇದದ ಗಡಿಯನ್ನು ಗೋಡೆಯೆನ್ನುವ ಬದಲು ಜರಡಿಯೆಂದು ಭಾವಿಸಿದರೆ ಈ ಎಲ್ಲ ನಿದರ್ಶನಗಳೂ ಅರ್ಥವಾಗುತ್ತವೆ. ಕೆಲವು ಜೀನುಗಳು ಅದರಲ್ಲಿ ಸಲೀಸಾಗಿ ಇಳಿಯುತ್ತವೆ, ಕೆಲವು ಮೇಲೆಯೇ ಉಳಿಯುತ್ತವೆ. ಆಫ್ರಿಕಾದ ಮಲೇರಿಯಾ ಸೊಳ್ಳೆಗಳು ಇದಕ್ಕೆ ಕಣ್ಣಮುಂದಿನ ಸಾಕ್ಷಿ. ಅನಾಫಿಲಿಸ್ ಗ್ಯಾಂಬಿಯೆಯ ಎರಡು ರೂಪಗಳಲ್ಲಿ ಒಂದಕ್ಕೆ 2013ರಲ್ಲಿ ಕೊಲುಜಿಯೈ ಎಂಬ ಪ್ರತ್ಯೇಕ ಪ್ರಭೇದದ ಹೆಸರು ಬಂತು. ಮಾಲಿ ದೇಶದಲ್ಲಿ ಕೀಟನಾಶಕ ಲೇಪಿಸಿದ ಸೊಳ್ಳೆಪರದೆಗಳ ಬಳಕೆ ಹೆಚ್ಚಿದ ಕಾಲದಲ್ಲಿಯೇ, ಕೀಟನಾಶಕವನ್ನು ತಾಳಿಕೊಳ್ಳುವ ಆಲೀಲ್ ಗ್ಯಾಂಬಿಯೆಯಿಂದ ಕೊಲುಜಿಯೈಗೆ ಸಂಕರದ ಮೂಲಕ ದಾಟಿ ಹರಡಿತೆಂದು 2015ರಲ್ಲಿ ವರದಿಯಾಯಿತು. ಆ ಒಂದು ತುಂಡು ದಾಟಿತು, ಆದರೆ ಎರಡು ಸೊಳ್ಳೆಗಳು ಒಂದಾಗಲಿಲ್ಲ. ರೋಗನಿಯಂತ್ರಣದ ಯೋಜನೆ ಹಾಕುವವರಿಗೆ ಇದು ಬರಿಯ ಸಿದ್ಧಾಂತದ ವಿಷಯವಲ್ಲ.

ಗಂಗೋತ್ರಿಯ ಹಳೆಯ ವಿದ್ಯಾರ್ಥಿ

ಸಂಕರವೆಂದರೆ ಭೇದದ ಅಳಿವು ಎಂಬ ನಂಬಿಕೆಯನ್ನು ಅಲುಗಿಸುವ ಕೆಲಸ ನಮ್ಮ ಮೈಸೂರಿನಲ್ಲಿಯೇ ನಡೆದಿದೆ. ಮಾನಸಗಂಗೋತ್ರಿಯ ಪ್ರಯೋಗಾಲಯದಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅವರು ಡ್ರೊಸೊಫಿಲಾ ನಸೂಟಾ ಮತ್ತು ಆಲ್ಬೊಮಿಕಾನ್ಸ್ ಎಂಬ ಎರಡು ಬಗೆಯ ನೊಣಗಳನ್ನು ಸಂಕರಗೊಳಿಸಿ ತಲೆಮಾರುಗಳ ಕಾಲ ಸಾಕಿದರು. ಮೊದಲನೆಯದಕ್ಕೆ 8 ವರ್ಣತಂತುಗಳು, ಎರಡನೆಯದಕ್ಕೆ 6. ಆ ಮಿಶ್ರಸಂತಾನ ಬರಡಾಗಲಿಲ್ಲ, ಯಾವುದೋ ಒಂದರ ಕಡೆಗೆ ಪೂರ್ತಿ ಹೊರಳಲೂ ಇಲ್ಲ. ಎರಡೂ ಮೂಲಗಳ ವರ್ಣತಂತುಗಳು ಹೊಸ ಬಗೆಯಲ್ಲಿ ಜೋಡಿಸಿಕೊಂಡು ಸ್ಥಿರಗೊಂಡ ತಳಿಗಳು ಉಂಟಾದವು. ಅವನ್ನು ಸೈಟೋರೇಸ್ ಎಂದು ಕರೆದರು. ಮುಂದೆ ಇವುಗಳಲ್ಲಿ ಕೆಲವು ತಮ್ಮ ಬಗೆಯ ಸಂಗಾತಿಯನ್ನೇ ಹೆಚ್ಚಾಗಿ ಆರಿಸಿಕೊಳ್ಳತೊಡಗಿದ ಲಕ್ಷಣಗಳನ್ನೂ ದಾಖಲಿಸಿದರು. ಸೀಸೆಯೊಳಗಿನ ಪ್ರಯೋಗವೇ ಕಾಡಿನ ಸಂಗತಿಯೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮ ವಿದ್ಯಾರ್ಥಿನಿಗೆ ಅಮೆರಿಕದ ನೊಣದ ಜೊತೆಗೆ ಮೈಸೂರಿನ ನೊಣದ ಕಥೆಯನ್ನೂ ಹೇಳಿ.

ಹಾಸನದ ಉಪನ್ಯಾಸಕಿ

ಖಂಡಿತ ಹೇಳುತ್ತೇನೆ ಸರ್, ಹಾಸನದಿಂದ ಮೈಸೂರು ದೂರವಲ್ಲ, ಸಾಧ್ಯವಾದರೆ ಮಕ್ಕಳನ್ನು ಕರೆತಂದು ನೊಣಗಳನ್ನು ತೋರಿಸುವ ಆಸೆಯಿದೆ.

ಈ ಚರ್ಚೆಯನ್ನು ನಿನ್ನೆಯೇ ಆಕೆಗೆ ಓದಲು ಕೊಟ್ಟೆ. ಓದಿ ಮುಗಿಸಿ ಆಕೆ ಕೇಳಿದ್ದು, ‘ನೊಣ ಎರಡಾದರೆ ಅದನ್ನು ತಿಂದು ಬದುಕುವವು ಏನಾಗುತ್ತವೆ?’ ಎಂದು. ಈ ಸಲ ಆತುರಪಡದೆ ಹುಡುಕಿ ಉತ್ತರ ಕೊಟ್ಟೆ. ಹಣ್ಣಿನೊಳಗಿನ ಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಡಯಾಕಾಸ್ಮಾ ಅಲೋಯಿಯಮ್ ಎಂಬ ಪುಟ್ಟ ಕಣಜವೊಂದಿದೆ. ಅದೂ ಹಣ್ಣಿನ ವಾಸನೆಯನ್ನೇ ಹಿಡಿದು ಬರುತ್ತದೆ, ಹಣ್ಣಿನ ಬಳಿಯೇ ಕೂಡುತ್ತದೆ, ನೊಣದ ಕಾಲಕ್ಕೆ ತನ್ನ ಕಾಲವನ್ನು ಹೊಂದಿಸಿಕೊಂಡಿದೆ. 2009ರಲ್ಲಿ ಆಂಡ್ರ್ಯೂ ಫೋರ್ಬ್ಸ್ ಮತ್ತು ಸಂಗಡಿಗರು, ಸೇಬಿನ ನೊಣವನ್ನು ಹಿಂಬಾಲಿಸಿದ ಕಣಜಗಳೂ ಹಾಥಾರ್ನ್ ಕಣಜಗಳಿಂದ ಬೇರೆಯಾಗತೊಡಗಿವೆ ಎಂದು ತೋರಿಸಿದರು. 2015ರ ಹೊತ್ತಿಗೆ ಇದೇ ನೊಣವನ್ನು ಕಾಡುವ ಮೂರು ಪ್ರಭೇದದ ಕಣಜಗಳಲ್ಲಿ ಇದೇ ಬಗೆಯ ಕವಲು ಕಂಡುಬಂದಿತ್ತು.